ಥಿಯರಿ ಹಿಡ್ಕೊಂಡು ಕೆರೆಗೆ ಹೋಗೋದು ಹೆಂಗೆ

ಸೆಮಿಸ್ಟರ್ ಪರೀಕ್ಷೆ ಹತ್ರ ಬಂತು ಅಂದ್ರೆ ದಾವಣಗೆರೆಲಿ ಡಿಗ್ರಿ, ಎಂಎ ಕನ್ನಡ ಓದೋ ಹುಡುಗ್ರು ನಮ್ಮನೆ ಕಡೆ ಬರ್ತಾರೆ, ಬಂದೋರು ಕೇಳೋದು ಹೆಚ್ಚುಕಮ್ಮಿ ಒಂದೇ, "ಸಾರ್, ಧ್ವನಿ ಎರಡು ಪೇಜ್ ಹೇಳಿ, ಸ್ತ್ರೀವಾದ ಎರಡು ಪೇಜು, ರಚನಾವಾದ ಒಂದೂವರೆ ಸಾಕು." ಕಿರಾಣಿ ಅಂಗಡಿಲಿ ಬೇಳೆ ಅಕ್ಕಿ ತೂಗಿಸಿದ ಹಂಗೆ. ಯಾವ ಪದ್ಯ ಓದೋಕೆ ಬೇಕಪ್ಪ ಇದು ಅಂತ ಕೇಳಿದ್ರೆ ಮುಖ ನೋಡ್ತಾರೆ, ಯಾಕಂದ್ರೆ ಪದ್ಯ ಬೇರೆ ಪೇಪರ್, ಕಾವ್ಯಮೀಮಾಂಸೆ (ಅಂದ್ರೆ ಸಾಹಿತ್ಯದ ಥಿಯರಿ) ಬೇರೆ ಪೇಪರ್, ಎರಡೂ ಒಂದೇ ಊರಲ್ಲಿದ್ರೂ ಮಾತು ಬಿಟ್ಟಿರೋ ಅಣ್ಣತಮ್ಮಂದ್ರ ಹಂಗೆ.

ಅವರನ್ನ ಬೈಯೋ ಯೋಗ್ಯತೆ ನಂಗಿಲ್ಲ. ನಾನೂ ಎಂಎ ಮೊದಲ ವರ್ಷದ ಅಸೈನ್‌ಮೆಂಟಲ್ಲಿ ಸ್ತ್ರೀವಾದದ ಮೇಲೆ ಹನ್ನೊಂದು ಪುಟ ಬರ್ದಿದ್ದೆ, ಫ್ರಾನ್ಸಿಂದ ಶುರು ಮಾಡಿ ಅಮೆರಿಕಾ ಮುಗಿಸಿ ಕೊನೆ ಅರ್ಧ ಪುಟದಲ್ಲಿ ಕಾದಂಬರಿ ಹೆಸರು ಬರೆದು ಕೈ ತೊಳ್ಕೊಂಡಿದ್ದೆ. ಮೇಷ್ಟ್ರು ಕೊನೆಲಿ ಕೆಂಪು ಪೆನ್ನಲ್ಲಿ ಎರಡೇ ಪದ ಬರ್ದಿದ್ರು: ಕೃತಿ ಎಲ್ಲಿ? ಸಾಹಿತ್ಯದ ಥಿಯರಿ ಇಟ್ಕೊಂಡು ಒಂದು ಕೃತಿ ಓದೋದು ಹೆಂಗೆ ಅನ್ನೋ ಈ ಗೈಡ್ ಪೂರ್ತಿ ಆ ಎರಡು ಪದಕ್ಕೆ ಕೊಡ್ತಿರೋ ಉತ್ತರ ಅಂತ ತಿಳ್ಕೊಳ್ರಿ.

ಥಿಯರಿ ಬೇಕೇ ಬೇಕಾ ಅಂತ ಕೇಳೋರು ಇನ್ನೊಂದು ಗುಂಪು ಐತೆ. "ನಾವು ಕಥೆನ ಕಥೆ ಥರ ಓದ್ತೀವಿ, ಈ ಫಾರಿನ್ ಮಾಲು ಎಲ್ಲ ಬ್ಯಾಡ" ಅಂತಾರೆ. ಸ್ವಲ್ಪ ತಡೀರಿ. ಕನ್ನಡದಲ್ಲಿ ಉಳಿದು ನಮ್ಮ ಕೈಗೆ ಸಿಕ್ಕಿರೋ ಗ್ರಂಥಗಳಲ್ಲಿ ತೀರಾ ಹಳೇದು ಯಾವ್ದು? ಕವಿರಾಜಮಾರ್ಗ, 9ನೇ ಶತಮಾನದ್ದು, ಅದು ಕಥೆನೂ ಅಲ್ಲ ಪುರಾಣನೂ ಅಲ್ಲ, ಕಾವ್ಯ ಹೆಂಗಿರ್ಬೇಕು ಅನ್ನೋ ಪುಸ್ತಕ. ಅಂದ್ರೆ ಥಿಯರಿ. ಅದೇನು ಪಂಡಿತರ ಕೋಟೆ ಕಟ್ಟಕ್ಕೆ ಬರ್ದಿದ್ದೂ ಅಲ್ಲ, ಅದ್ರಲ್ಲೇ ಈ ನಾಡಿನ ಜನ "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಅಂತ ಐತೆ, ಕೂತು ಓದದೇ ಇದ್ರೂ ಕಾವ್ಯದ ವಿಷಯದಲ್ಲಿ ಪಳಗಿದೋರು ಅಂತ. ಈ ಮಾತು ಮುಂದೆ ನಮ್ಮಜ್ಜಿ ಬರೋ ಜಾಗದಲ್ಲಿ ಬೇಕಾಗುತ್ತೆ, ನೆನಪಿಟ್ಕೊಳ್ರಿ.

ಇನ್ನೂ ಡೌಟ್ ಇದ್ರೆ ಸಂಜೆ ಯಾವ್ದಾದ್ರೂ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತ್ಕೊಳ್ರಿ, ಸಿನಿಮಾ ನೋಡ್ಕೊಂಡು ಬಂದ ಇಬ್ರು ಜಗಳ ಆಡ್ತಿರ್ತಾರೆ, ಒಬ್ಬ "ಆ ಪೊಲೀಸು ಹಂಗೆಲ್ಲ ಮಾತಾಡಲ್ಲ ಕಣೋ" ಅಂತಾನೆ (ಇದು ಔಚಿತ್ಯ, ಅಂದ್ರೆ ಪಾತ್ರಕ್ಕೆ ಸಂದರ್ಭಕ್ಕೆ ತಕ್ಕಂಗಿರೋದು, ಹಳೇ ಸಂಸ್ಕೃತ ಪಂಡಿತ ಕ್ಷೇಮೇಂದ್ರ ಇದ್ರ ಮೇಲೆ ಒಂದು ಪುಸ್ತಕನೇ ಬರ್ದ), ಇನ್ನೊಬ್ಬ "ಎಲ್ಲಾ ಸಿನಿಮಾದಲ್ಲೂ ಹೀರೋಯಿನ್ನು ಹಾಡಿಗೆ ಮಾತ್ರ ಬರ್ತಾಳೆ" ಅಂತಾನೆ (ಇದು ಸ್ತ್ರೀವಾದಿ ವಿಮರ್ಶೆ, ಅವ್ನಿಗೆ ಹೇಳಿದ್ರೆ ಹೊಡೀತಾನೆ). ಥಿಯರಿ ಎಲ್ಲರ ತಲೇಲೂ ಇರುತ್ತೆ, ಹೆಸರು ಗೊತ್ತಿದ್ರೆ ಅದನ್ನ ಬೇಕಾದಾಗ ಬಿಚ್ಚಿ ರಿಪೇರಿ ಮಾಡ್ಕೋಬಹುದು, ಗೊತ್ತಿಲ್ದಿದ್ರೆ ಅದು ನಮ್ಮನ್ನ ಓಡಿಸ್ತಿರುತ್ತೆ, ಅಷ್ಟೇ ವ್ಯತ್ಯಾಸ.

ಸರಿ, ಕೆಲಸಕ್ಕೆ ಬರೋಣ. ಉದಾಹರಣೆಗೆ ನಾನು ತಗೊಂಡಿರೋದು "ಕೆರೆಗೆ ಹಾರ" ಅನ್ನೋ ಜನಪದ ಹಾಡು, ಬಹಳ ಜನ ಸ್ಕೂಲಲ್ಲೇ ಓದಿರ್ತೀರಿ. ಮರ್ತೋರಿಗೆ ಕಥೆ: ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ಬೊಗಸೆ ನೀರೂ ನಿಲ್ಲಲ್ಲ, ಶಾಸ್ತ್ರ ಕೇಳಿದ್ರೆ ಸೊಸೆನ ಹಾರ (ಅಂದ್ರೆ ಬಲಿ) ಕೊಡ್ಬೇಕು ಅಂತ ಬರುತ್ತೆ. ಹಿರಿ ಸೊಸೆನ ಬಿಟ್ಟು ಕಿರಿ ಸೊಸೆ ಭಾಗೀರತಿನ ಆರಿಸ್ತಾರೆ. ಅವಳಿಗೆ ಗೊತ್ತಾಗುತ್ತೆ, ತವರಿಗೆ ಹೋಗ್ತಾಳೆ, ಗೆಳತಿ ಹತ್ರ ಹೋಗ್ತಾಳೆ, ವಾಪಸ್ ಬರ್ತಾಳೆ. ಕೆರೆ ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ ಬಂಗಾರದ ಪಾತ್ರೆ ಅಲ್ಲೇ ಉಳಿದಿರುತ್ತೆ, ತರೋಕೆ ಇವಳೇ ಹೋಗ್ತಾಳೆ, ನೀರು ಏರುತ್ತೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರೋಷ್ಟರಲ್ಲಿ ಎಲ್ಲ ಮುಗ್ದಿರುತ್ತೆ, ಅವನೂ ಕೆರೆಗೆ ಹಾರ್ತಾನೆ. ಊರಿಂದ ಊರಿಗೆ ಪಾಠ ಬೇರೆ ಆಗುತ್ತೆ, ನಿಮ್ಮ ಕಡೆ ಹಾಡೋದ್ರಲ್ಲಿ ಅಲ್ಲಲ್ಲಿ ಬದಲಾಗಿದ್ರೆ ನಿಮ್ದನ್ನೇ ಇಟ್ಕೊಳ್ರಿ.

ಸ್ಟೆಪ್ ಒಂದು: ಥಿಯರಿ ಪುಸ್ತಕ ಮುಚ್ಚಿ, ಪೆನ್ಸಿಲ್ ತಗೊಳ್ರಿ

ಐ.ಎ. ರಿಚರ್ಡ್ಸ್ ಅಂತ ಕೇಂಬ್ರಿಜ್ ಮೇಷ್ಟ್ರು ಹುಡುಗ್ರಿಗೆ ಕವಿ ಹೆಸರು, ಕಾಲ ಏನೂ ಇಲ್ದೆ ಬರೀ ಪದ್ಯ ಕೊಟ್ಟು ಅಭಿಪ್ರಾಯ ಬರ್ಕೊಂಡು ಬರ್ರಿ ಅಂತಿದ್ದ. ಬಂದ ಉತ್ತರಗಳನ್ನೆಲ್ಲ ಸೇರಿಸಿ 1929ರಲ್ಲಿ ಪುಸ್ತಕ ಮಾಡ್ದ, ಅದ್ರಲ್ಲಿ 13 ಪದ್ಯ ಅದಾವೆ. ಓದಿದ್ರೆ ಸಮಾಧಾನ ಆಗುತ್ತೆ ನೋಡ್ರಿ, ಅಂಥಾ ದೊಡ್ಡ ಯೂನಿವರ್ಸಿಟಿ ಹುಡುಗ್ರೂ ಪದ್ಯದ ನೇರ ಅರ್ಥನೇ ತಪ್ಪು ತಿಳ್ಕೊಂಡಿದಾರೆ, ಮೊದಲೇ ತಲೇಲಿ ರೆಡಿ ಇರೋ ಅಭಿಪ್ರಾಯನ ತಂದು ಅಂಟಿಸಿದಾರೆ.

ಆದ್ರಿಂದ ಮೊದಲು ಮೂರು ಸಲ ಓದ್ರಿ, ಒಂದು ಸಲನಾದ್ರೂ ಜೋರಾಗಿ. ಎಲ್ಲಿ ತಡವರಿಸ್ತೀರೋ, ಎಲ್ಲಿ "ಅರೆ, ಇದ್ಯಾಕೆ ಹಿಂಗೆ" ಅನ್ಸುತ್ತೋ ಅಲ್ಲಿ ಗೆರೆ ಎಳೀರಿ. ಒಳ್ಳೇ ಸಾಲು ಅಂತ ಎಳೀಬೇಡ್ರಿ, ಕಾಲಿಗೆ ಎಡವಿದ ಸಾಲಿಗೆ ಎಳೀರಿ. ಈ ಹಾಡಲ್ಲಿ ನನ್ನ ಪೆನ್ಸಿಲ್ ನಿಂತ ಜಾಗಗಳು ಇವು: ಹಿರಿ ಸೊಸೆ ಬ್ಯಾಡ ಅನ್ನೋಕೆ ಕೊಡೋ ಕಾರಣ. ಅಪ್ಪ ಅವ್ವನ ಹತ್ರ "ಅತ್ತೆ ಮಾವ ನನ್ನ ಬ್ಯಾರೆ ಇಡ್ತಾರಂತೆ" ಅಂತ ಸುಳ್ಳು, ಗೆಳತಿ ಹತ್ರ ಮಾತ್ರ ನಿಜ. ಬೇಳೆ ಹಸನು ಮಾಡ್ವಾಗ ಕಣ್ಣೀರು ಬಂದದ್ದಕ್ಕೆ ಬೇಳೆಯೊಳಗಿನ ಹರಳು ಕಣ್ಣಿಗೆ ಬಿತ್ತು ಅನ್ನೋದು. ಆ ಬಂಗಾರದ ಪಾತ್ರೆ. ಮೆಟ್ಟಿಲು ಮೆಟ್ಟಿಲಿಗೆ ನೀರಿನ ಲೆಕ್ಕ. ಗಂಡ ಊರಲ್ಲಿಲ್ಲ ಅನ್ನೋದು.

ಸ್ಟೆಪ್ ಎರಡು: ಗೆರೆನ ಪ್ರಶ್ನೆ ಮಾಡ್ರಿ, ಆಮೇಲೆ ಆ ಪ್ರಶ್ನೆ ಯಾರದು ಅಂತ ಹುಡುಕ್ರಿ

ಇಲ್ಲೇ ಎಲ್ಲರೂ ಉಲ್ಟಾ ಮಾಡೋದು. ಮೊದಲು ಥಿಯರಿ ಆರಿಸಿ ಆಮೇಲೆ ಅದನ್ನ "ಅನ್ವಯ" ಮಾಡ್ತಾರೆ, ಅಂದ್ರೆ ಅಂಗಿ ಹೊಲಿಸಿ ಆಮೇಲೆ ಅದು ಹಿಡಿಯೋ ಮನುಷ್ಯನ್ನ ಹುಡುಕಿದ ಹಂಗೆ. ಒಂದೊಂದು ಥಿಯರಿನೂ ಒಂದೊಂದು ಪ್ರಶ್ನೆಗೆ ಬಹಳ ವರ್ಷ ತಲೆ ಕೆಡಿಸ್ಕೊಂಡೋರ ಗುಂಪು ಅಂತ ತಿಳ್ಕೊಂಡ್ರೆ ಹೆದ್ರಿಕೆ ಹೋಗುತ್ತೆ. ಹೇಳ್ದೇ ಹೇಳೋದು ಹೆಂಗೆ ಅಂತ ಕೇಳ್ದೋರು ಧ್ವನಿಯೋರು. ಯಾರ ಮಾತು ಕೇಳಿಸ್ತಿಲ್ಲ ಅಂತ ಕೇಳೋರು ಸ್ತ್ರೀವಾದಿಗಳು, ಆ ಪ್ರಶ್ನೆನ ಇನ್ನೊಂದು ಕಡೆಯಿಂದ ದಲಿತ ವಿಮರ್ಶೆನೂ ಕೇಳುತ್ತೆ. ಇದ್ರಿಂದ ಯಾರ ಹೊಲಕ್ಕೆ ನೀರು ಅಂತ ಕೇಳೋರು ಮಾರ್ಕ್ಸ್‌ವಾದಿಗಳು. ಈ ಕಥೆನ ಹೆಂಗೆ ಜೋಡಿಸಿದಾರೆ ಅನ್ನೋರು ರೂಪನಿಷ್ಠರು, ರಚನಾವಾದಿಗಳು. ಇಷ್ಟು ಸಂಕಟದ ಹಾಡನ್ನ ಮತ್ತೆ ಮತ್ತೆ ಕೇಳ್ಬೇಕು ಅನ್ಸೋದ್ಯಾಕೆ ಅಂತ ಕೇಳಿದೋರು ರಸದೋರು, ಅತ್ತ ಗ್ರೀಸಲ್ಲಿ ಅರಿಸ್ಟಾಟಲ್.

ಸ್ಟೆಪ್ ಮೂರು: ಒಂದು ಸಲಕ್ಕೆ ಒಂದೇ ಥಿಯರಿ, ಅದೂ ಒಂದು ಸಾಲಿನ ಮೇಲೆ

ಹರಳಿನ ಸಾಲು ತಗೊಳ್ಳೋಣ, ಪ್ರಶ್ನೆ ಧ್ವನಿಯದು. ಧ್ವನಿನ ದೊಡ್ಡ ಸಿದ್ಧಾಂತವಾಗಿ ನಿಲ್ಲಿಸ್ದೋನು ಕಾಶ್ಮೀರದ ಆನಂದವರ್ಧನ, 9ನೇ ಶತಮಾನ, ಹೆಚ್ಚುಕಮ್ಮಿ ನಮ್ಮ ಕವಿರಾಜಮಾರ್ಗದ ಕಾಲನೇ. ಕ್ಲಾಸಲ್ಲಿ ಎಲ್ಲರಿಗೂ ಕೊಡೋ ಉದಾಹರಣೆ "ಗಂಗಾಯಾಂ ಘೋಷಃ", ಗಂಗೆ ಮೇಲೆ ಹಟ್ಟಿ. ನದಿ ಮೇಲೆ ಹಟ್ಟಿ ಇರಕ್ಕಾಗಲ್ಲ, ಹಂಗಾಗಿ ದಡದಲ್ಲಿ ಅಂತ ತಗೋತೀವಿ, ಅದು ಲಕ್ಷಣೆ. ದಡದಲ್ಲಿ ಅಂತಲೇ ಹೇಳ್ಬಹುದಿತ್ತಲ್ಲ, ಯಾಕೆ ಗಂಗೆ ಮೇಲೆ ಅಂದ? ತಂಪು, ಪಾವಿತ್ರ್ಯ ಹೊಳೀಲಿ ಅಂತ, ಅದು ವ್ಯಂಗ್ಯ (ಇಲ್ಲಿ ಅಣಕ ಅಂತಲ್ಲ, ಹೇಳ್ದೇ ಹೊಳೆಯೋ ಅರ್ಥ). ಹುಡುಗ್ರು ಇದನ್ನ ಬಾಯಿಪಾಠ ಮಾಡ್ತಾರೆ, ಅರ್ಥ ಆಗಲ್ಲ. ನಾನು ಹೇಳೋದು ಬೇರೆ: ಹೆಣ್ಣು ನೋಡಕ್ಕೆ ಬಂದೋರು "ನಮ್ದು ಭದ್ರಾ ನಾಲೆ ಮೇಲೆ ನಾಲ್ಕೆಕರೆ ಐತ್ರಿ" ಅಂತಾರಲ್ಲ, ನಾಲೆ ಮೇಲೆ ಜಮೀನು ಇರುತ್ತಾ? ಪಕ್ಕದಲ್ಲಿ ಇರುತ್ತೆ. ಅದು ಲಕ್ಷಣೆ. ನಾಲ್ಕೆಕರೆ ಐತೆ ಅಂದು ಸುಮ್ನಾಗಬಹುದಿತ್ತು, ನಾಲೆ ಯಾಕೆ ತಂದ್ರು? ನೀರಿಗೆ ತೊಂದ್ರೆ ಇಲ್ಲ, ಭತ್ತ ಬೆಳೀತೀವಿ, ಧೈರ್ಯವಾಗಿ ಹೆಣ್ಣು ಕೊಡ್ರಿ. ಅದು ಧ್ವನಿ. ಒಂದು ಪದನೂ ಹೇಳಿಲ್ಲ, ಹುಡುಗಿ ಅಪ್ಪನಿಗೆ ಎಲ್ಲ ಕೇಳಿಸ್ತು.

ಈಗ ಹರಳಿಗೆ ಬರ್ರಿ. ವಾಚ್ಯಾರ್ಥ, ಅಂದ್ರೆ ನೇರ ಅರ್ಥ ಏನು, ಕಣ್ಣಿಗೆ ಕಲ್ಲು ಬಿತ್ತು. "ಅವಳು ಅಳ್ತಿದಾಳೆ, ಸುಳ್ಳು ಹೇಳ್ತಿದಾಳೆ" ಅಂತ ಎಲ್ಲರೂ ಬರೀತಾರೆ, ಅಲ್ಲಿಗೆ ನಿಲ್ಲಿಸ್ಬೇಡ್ರಿ. ಕಾವ್ಯಮೀಮಾಂಸಕರು "ಸೂರ್ಯ ಮುಳುಗಿದ" ಅನ್ನೋ ಒಂದೇ ವಾಕ್ಯ ಕೇಳೋರಿಗೆ ತಕ್ಕಂಗೆ ಬೇರೆ ಬೇರೆ ಅರ್ಥ ಕೊಡುತ್ತೆ ಅಂತ ತೋರಿಸ್ತಾರೆ, ದನ ಕಾಯೋನಿಗೆ ಮನೆಗೆ ಹೊಡ್ಕೊಂಡು ಹೋಗೋ ಹೊತ್ತು, ಇನ್ನೊಬ್ಬನಿಗೆ ಸಂಧ್ಯಾವಂದನೆ ಹೊತ್ತು. ಹಂಗೇ ಕೇಳ್ರಿ: ಹರಳಿನ ಮಾತು ಯಾರ್ಯಾರ ಕಿವಿಗೆ ಬೀಳ್ತಿದೆ? ಮನೆಯೋರಿಗೆ ನಿಜ ಗೊತ್ತು, ಇವಳಿಗೆ ಗೊತ್ತು ಅಂತ ಅವರು ಬಾಯಿ ಬಿಡಂಗಿಲ್ಲ. ಹಂಗಾಗಿ ಆ ಸುಳ್ಳು ಅವರಿಗೂ ಬೇಕಾಗಿದೆ. ಅವಳ ಸುಳ್ಳು ಅವರ ಮಾನ ಕಾಪಾಡ್ತಿದೆ. ಅದ್ರ ಮೇಲೆ ಆ ಬೇಳೆ ಯಾವ ಊಟಕ್ಕೆ? ತನ್ನನ್ನೇ ಕೊಡೋ ಪೂಜೆಯ ಅಡಿಗೆಗೆ. ಅವಳ ಕೈಲೇ ಹಸನಾಗ್ತಿದೆ. ನಾನು ಈ ಹಾಡನ್ನ ಏನಿಲ್ಲ ಅಂದ್ರೂ ಹದಿನೈದು ವರ್ಷ ಓದಿದ್ದೆ, ಧ್ವನಿಯ ಪ್ರಶ್ನೆ ಇಟ್ಕೊಂಡು ಕೂತ ದಿನವೇ ಇದು ಕಂಡಿದ್ದು. ಥಿಯರಿಗೆ ಬೆಲೆ ಐತಾ ಅಂತ ಕೇಳಿದ್ರೆ ನನ್ನ ಹತ್ರ ಇರೋ ಲೆಕ್ಕ ಇಷ್ಟೇ: ಮೊದಲು ಕಾಣದೇ ಇದ್ದ ಸಾಲು ಕಂಡಿತಾ, ಇಲ್ವಾ. ಕಂಡ್ರೆ ಅದರ ಪಕ್ಕದಲ್ಲಿ ಸಾಲಿನ ನಂಬರ್ ಬರೀರಿ. ಬರೆಯೋಕೆ ನಂಬರ್ರೇ ಇಲ್ಲ ಅಂದ್ರೆ ಆ ಥಿಯರಿನ ಆ ಕೃತಿಗೆ ಬಿಟ್ಬಿಡ್ರಿ, ಬೇಜಾರಿಲ್ಲ.

ಸ್ತ್ರೀವಾದಕ್ಕೂ ಇದೇ ಪರೀಕ್ಷೆ. "ಈ ಹಾಡಿನಲ್ಲಿ ಹೆಣ್ಣಿನ ಶೋಷಣೆ ಇದೆ" ಅಂತ ಬರೆದ್ರೆ ಅದು ಓದು ಅಲ್ಲ, ಅದು ಆರನೇ ಕ್ಲಾಸ್ ಮಗುಗೂ ಗೊತ್ತು. ನಿಜ ಯಾರಿಂದ ಯಾರಿಗೆ ಹೋಗುತ್ತೆ ಅಂತ ಒಂದು ಹಾಳೆ ಮೇಲೆ ಬಾಣ ಹಾಕ್ತಾ ಹೋಗ್ರಿ. ತವರಲ್ಲಿ ನಿಜ ಹೇಳಲ್ಲ, ಅಲ್ಲಿ ಹೊಲಮನೆ ಕೊಡ್ತೀನಿ, ಒಡವೆ ಕೊಡ್ತೀನಿ ಅನ್ನೋ ಸಮಾಧಾನ ಸಿಗುತ್ತೆ, ಅದು ಇವಳ ಸಂಕಟಕ್ಕೆ ತಾಗಲ್ಲ. ಗೆಳತಿಗೆ ಹೇಳ್ತಾಳೆ. ಆಮೇಲೆ ಗಂಡ ಬಂದಾಗ ಅತ್ತೆಮನೆಯೋರು ತವರಿಗೆ ಹೋಗಿದಾಳೆ, ಅಲ್ಲಿಗೆ ಹೋಗಿದಾಳೆ ಅಂತಾರೆ, ನಿಜ ಸಿಗೋದು ಮತ್ತೆ ಅದೇ ಗೆಳತಿಯಿಂದ. ಎರಡು ಮನೆಗಳ ನಡುವೆ ನಿಜ ಓಡಾಡೋ ದಾರಿ ಅದೊಂದೇ. ಈ ಬಾಣದ ಚಿತ್ರ ಕ್ಲಾಸಲ್ಲಿ ಬೋರ್ಡ್ ಮೇಲೆ ಬಿಡಿಸಿದಾಗ ಹಿಂದಿನ ಬೆಂಚಿನ ಹುಡುಗಿ ಒಬ್ಳು, "ಸಾರ್, ಆದ್ರೆ ಗೆಳತಿನೂ ಕೊಟ್ರೆ ಕೊಡ್ಲಿ, ಇಟ್ಟಂಗೆ ಇರ್ಬೇಕು ಅಂತಾಳಲ್ಲ" ಅಂದ್ಲು. ಹೌದಲ್ಲ! ಗೆಳತಿನ ಬಂಡಾಯದೋಳು ಮಾಡ್ಬಿಡೋ ಆತುರದಲ್ಲಿ ನಾನು ಆ ಸಾಲು ಹಾರಿಸಿದ್ದೆ.

ಮಾರ್ಕ್ಸ್‌ವಾದದ್ದು ಇಲ್ಲಿ ಹೆಚ್ಚು ಎಳೆಯಲ್ಲ, ಹಿರಿ ಸೊಸೆ ಹೋದ್ರೆ ಹಿರಿತನ ನೋಡೋರಿಲ್ಲ ಅನ್ನೋ ಕಾರಣದಲ್ಲೇ ಆಸ್ತಿ, ಮನೆತನದ ಲೆಕ್ಕ ಎಲ್ಲ ಐತೆ, ಸ್ತ್ರೀವಾದದ ಜೊತೆಗೇ ಅದನ್ನ ಇಟ್ಟು ಓದ್ರಿ. ಆದ್ರೆ ಒಂದು ಮಾತು, ನಮ್ಮ ಜಿಲ್ಲೆಗಳ ಓದುಗರಿಗೆ ಒಂದು ಅನುಕೂಲ ಐತೆ. ಒಣಗಿದ ಕೆರೆ ಅಂದ್ರೆ ಬೇರೆ ಕಡೆಯೋರು ಸಂಕೇತ ಅಂತ ಬರೀತಾರೆ, ಹಿರಿಯೂರು ಚಳ್ಳಕೆರೆ ಕಡೆಯೋರಿಗೆ ಅದು ಒಣಗಿದ ಕೆರೆನೇ. 1907ರಲ್ಲಿ ಕಟ್ಟಿ ಮುಗಿಸಿದ, ಹಿರಿಯೂರು ಹತ್ರದ ಮಾರಿಕಣಿವೆ ಡ್ಯಾಂ (ವಾಣಿವಿಲಾಸ ಸಾಗರ) 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಕೋಡಿ ಬೀಳೋಕೆ 2022ರ ತನಕ ಕಾಯ್ಬೇಕಾಯ್ತು. ಚರಿತ್ರೆ ಜೊತೆ ಇಟ್ಟು ಓದೋ ವಿಮರ್ಶೆ ಅಂತಾರಲ್ಲ, ಅದು ಶುರು ಆಗೋದು ಇಂಥಾ ಕಡೆ, ನೀರಿಗಾಗಿ ಒಂದು ಊರು ಎಷ್ಟು ಕೆಟ್ಟದಾಗಬಹುದು ಅನ್ನೋದು ನೀರು ನೋಡ್ದೇ ಇರೋ ಊರಿಗೇ ಗೊತ್ತಿರುತ್ತೆ.

ಸ್ಟೆಪ್ ನಾಲ್ಕು: ಥಿಯರಿ ಸೋಲೋ ಜಾಗ ಹುಡುಕ್ರಿ

ಇದನ್ನ ಯಾವ ಗೈಡಲ್ಲೂ ಬರೆಯಲ್ಲ, ನಂಗೆ ಇದೇ ಮುಖ್ಯ ಅನ್ಸುತ್ತೆ. ರಷ್ಯಾದ ವ್ಲಾದಿಮಿರ್ ಪ್ರಾಪ್ ಅನ್ನೋನು 1928ರಲ್ಲಿ ಅಲ್ಲಿನ ಅದ್ಭುತ ಕಥೆಗಳನ್ನ ಬಿಡಿಸಿ ನೋಡಿ, ಪಾತ್ರದ ಹೆಸರು ಏನೇ ಇರ್ಲಿ, ನಡೆಯೋ ಕೆಲಸಗಳು 31 ಮಾತ್ರ, ಅವು ಬರೋ ಕ್ರಮನೂ ಒಂದೇ ಅಂದ. ಆ ಪಟ್ಟಿಲಿ ಮೊಟ್ಟ ಮೊದಲ್ನೇದು ಯಾವ್ದು ಗೊತ್ತಾ? ಮನೆಯೋರಲ್ಲಿ ಒಬ್ರು ಮನೆ ಬಿಟ್ಟು ದೂರ ಹೋಗೋದು. ಇದನ್ನ ಓದಿದಾಗ ನಂಗೆ ಚಳ್ಳಕೆರೆ ಕಡೆಯ ನಮ್ಮಜ್ಜಿ ನೆನಪಾದ್ಲು. ಸಹಿ ಹಾಕಕ್ಕೆ ಬರ್ತಿರ್ಲಿಲ್ಲ, ಈ ಹಾಡನ್ನ ಕಳೆ ಕೀಳ್ತಾ ಪೂರ್ತಿ ಹಾಡ್ತಿದ್ಲು, ನಾನು ಹೈಸ್ಕೂಲಲ್ಲಿದ್ದಾಗ "ಅಜ್ಜಿ, ಗಂಡ ಯಾಕೆ ತಡೀಲಿಲ್ಲ" ಅಂತ ಕೇಳಿದ್ದಕ್ಕೆ, "ಗಂಡ ಮನ್ಯಾಗಿದ್ದಿದ್ರೆ ಕೊಡಾಕೆ ಬಿಡ್ತಿದ್ನೇನು? ಅದ್ಕೇ ಅವ್ನು ದಂಡಿಗೋದಾಗ ಮಾಡ್ಯಾರೆ, ಹುಚ್ಚುಡ್ಗ" ಅಂದಿದ್ಲು. ಕುರಿತೋದದೆಯುಂ. ಪ್ರಾಪ್‌ನ ನಂಬರ್ ಒಂದು ಅವಳಿಗೆ ಕಳೆ ಕೀಳ್ತಾನೇ ಗೊತ್ತಿತ್ತು.

ಆದ್ರೆ ಪಟ್ಟಿ ಮುಂದಕ್ಕೆ ಹೋದಂಗೆ ಈ ಹಾಡಿಗೆ ಕೂಡಲ್ಲ. ಅಲ್ಲಿ ವೀರ ಹೊರಡ್ತಾನೆ, ಸಹಾಯ ಸಿಗುತ್ತೆ, ಕೆಟ್ಟೋನ್ನ ಸೋಲಿಸ್ತಾನೆ, ಕೊನೆಗೆ ಮದುವೆ, ಪಟ್ಟ. ಇಲ್ಲಿ ಕನಸು ಬೀಳುತ್ತೆ, ಕುದುರೆ ಓಡುತ್ತೆ, ಬಿಡಿಸೋ ಕಥೆಗೆ ಬೇಕಾದ ಸಾಮಾನೆಲ್ಲ ರೆಡಿ ಐತೆ, ಅವನು ತಡವಾಗಿ ಬರ್ತಾನೆ. ಕೇಳೋರಿಗೆ ಆಸೆ ಹುಟ್ಟಿಸಿ ಕೈ ಬಿಡುತ್ತೆ ಹಾಡು. ಇನ್ನೊಂದು, ಇಲ್ಲಿ ಕೆಟ್ಟೋನು ಯಾರು? ಸೋಲಿಸೋಕೆ ಯಾರೂ ಇಲ್ಲ, ಇರೋದು ಅವನ ಅಪ್ಪ ಅವ್ವ, ತುಂಬಿದ ಕೆರೆ, ಆ ನೀರು ಕುಡಿಯೋ ಊರು. ಪ್ರಾಪ್ ಪಟ್ಟಿ ಇಟ್ಕೊಳ್ದೇ ಇದ್ದಿದ್ರೆ ಈ ಖಾಲಿ ಜಾಗ ನಂಗೆ ಕಾಣ್ತಿರ್ಲಿಲ್ಲ, ಹಂಗಂತ ಪಟ್ಟಿಗೆ ಕೂರಲಿ ಅಂತ ಹಾಡಿನ ಕೈಕಾಲು ಮುರೀಬಾರ್ದು. ಕೂರದೇ ಇರೋ ಜಾಗದ ಬಗ್ಗೆ ಬರೀರಿ, ನಿಮ್ಮ ಪ್ರಬಂಧ ಅಲ್ಲೇ ಇರುತ್ತೆ.

ಮೆಟ್ಟಿಲಿನ ಸಾಲುಗಳಿಗೆ ಇನ್ನೊಬ್ಬ ರಷ್ಯಾದೋನು ಆಗ್ತಾನೆ, ವಿಕ್ಟರ್ ಶ್ಕ್ಲೋವ್‌ಸ್ಕಿ, 1917ರಲ್ಲೇ ಬರ್ದ: ಅಭ್ಯಾಸ ಆಗಿ ಕಣ್ಣಿಗೆ ಬೀಳದೇ ಹೋಗೋ ವಸ್ತುನ ಕಲೆ ಹೊಸದಾಗಿ ಕಾಣಿಸ್ಬೇಕು, ನೋಡೋದನ್ನ ಕಷ್ಟ ಮಾಡ್ಬೇಕು, ನಿಧಾನ ಮಾಡ್ಬೇಕು ಅಂತ. "ಮುಳುಗಿ ಸತ್ತಳು" ಅಂದಿದ್ರೆ ಎರಡು ಪದದಲ್ಲಿ ಮುಗೀತಿತ್ತು. ಹಾಡು ಪಾದದಿಂದ ಶುರು ಮಾಡಿ ಮೆಟ್ಟಿಲಿಗೊಂದು ಸಾಲು ಕೊಡುತ್ತೆ, ನೀರಿನ ವೇಗದಲ್ಲೇ ನಾವೂ ಕೇಳ್ಬೇಕು. ಜೋರಾಗಿ ಓದ್ರಿ ಅಂತ ಮೊದಲೇ ಹೇಳಿದ್ದು ಇದಕ್ಕೇ, ಕಣ್ಣಲ್ಲಿ ಓದಿದ್ರೆ ಈ ಸಾಲುಗಳನ್ನ ಹಾರಿಸ್ಕೊಂಡು ಹೋಗ್ತೀವಿ.

ಸ್ಟೆಪ್ ಐದು: ಬರೆಯೋದು

ಉತ್ತರ ವ್ಯಾಖ್ಯೆಯಿಂದ ಶುರು ಮಾಡ್ಬೇಡ್ರಿ. "ಆನಂದವರ್ಧನನ ಪ್ರಕಾರ ಧ್ವನಿಯೆಂದರೆ..." ಅಂತ ಶುರುವಾಗೋ ನೂರು ಪೇಪರ್ ತಿದ್ದೋರ ಪಾಡು ಸ್ವಲ್ಪ ನೆನೆಸ್ಕೊಳ್ರಿ. "ಭಾಗೀರತಿ ಹೇಳೋ ಸುಳ್ಳುಗಳಲ್ಲಿ ಒಂದು ಅವಳ ಅತ್ತೆಮನೆಗೂ ಅನುಕೂಲದ್ದು" ಅಂತ ಶುರು ಮಾಡಿದ್ರೆ ಓದೋರು ಎದ್ದು ಕೂರ್ತಾರೆ (ಪರೀಕ್ಷೆಲಿ ಗ್ರಂಥಸ್ಥ ಭಾಷೆಗೆ ತಿರುಗಿಸ್ಕೊಳ್ರಿ, ನನ್ನ ಥರ ಬರೆದು ಮಾರ್ಕ್ಸ್ ಕಳ್ಕೋಬೇಡ್ರಿ). ಆಮೇಲೆ ಸಾಲು, ಆಮೇಲೆ ಥಿಯರಿ ಎರಡು ಮೂರು ವಾಕ್ಯ, ಮತ್ತೆ ಸಾಲಿಗೆ ವಾಪಸ್. ನಾಲ್ಕು ಪುಟದಲ್ಲಿ ಥಿಯರಿ ಒಂದು ಪುಟ ದಾಟಿದ್ರೆ ಕತ್ತರಿಸ್ರಿ. ಒಂದೇ ಉತ್ತರದಲ್ಲಿ ಐದು ಥಿಯರಿ ತುರುಕೋದು ಬೇಡವೇ ಬೇಡ, ಬೆಣ್ಣೆದೋಸೆ ಮೇಲೆ ಸಾರು ಸುರಿದಂಗೆ ಆಗುತ್ತೆ, ಎರಡೂ ಚೆನ್ನಾಗಿರ್ತಾವೆ, ತಿನ್ನಕ್ಕಾಗಲ್ಲ.

ಓದಕ್ಕೆ ಏನು ಇಟ್ಕೋಬೇಕು ಅಂದ್ರೆ, ರಸ ಧ್ವನಿ ಔಚಿತ್ಯಕ್ಕೆ ತೀ.ನಂ.ಶ್ರೀ.ಯವರ "ಭಾರತೀಯ ಕಾವ್ಯಮೀಮಾಂಸೆ" ಒಂದು ಸಾಕು, ಆದ್ರೆ ಮೊದಲ ಪುಟದಿಂದ ಹಿಡಿದು ಉರು ಹೊಡೀಬೇಡ್ರಿ, ನಿಮ್ಮ ಪೆನ್ಸಿಲ್ ಗೆರೆಗೆ ಬೇಕಾದ ಅಧ್ಯಾಯ ಮಾತ್ರ ತೆಗೀರಿ, ಉಳಿದದ್ದು ಇನ್ನೊಂದು ಗೆರೆ ಕೇಳಿದಾಗ.

ಬಂಗಾರದ ಪಾತ್ರೆ ಬಗ್ಗೆ ಏನೂ ಹೇಳ್ಲಿಲ್ಲ ಅಂತ ಕೆಲವ್ರು ಗಮನಿಸಿರ್ತೀರಿ. ಅದನ್ನ ಮರೆತು ಬಂದ್ರಾ, ಬೇಕಂತಲೇ ಬಿಟ್ಟು ಬಂದ್ರಾ? ತರೋಕೆ ಹೋಗಲ್ಲ ಅಂತ ಉಳಿದೋರು ಒಬ್ಬರ ಮೇಲೊಬ್ರು ಹಾಕೋದು ನೋಡಿದ್ರೆ ಬೇಕಂತಲೇ ಅನ್ಸುತ್ತೆ, ಬಲಿ ಕೊಡೋಕೇ ಕರ್ಕೊಂಡು ಬಂದೋರಿಗೆ ಮತ್ತೆ ಈ ನಾಟಕ ಯಾಕೆ ಬೇಕಿತ್ತು ಅಂತನೂ ಅನ್ಸುತ್ತೆ. ಧ್ವನಿ ಇಟ್ಟು ನೋಡ್ದೆ, ಸ್ತ್ರೀವಾದ ಇಟ್ಟು ನೋಡ್ದೆ, ಪ್ರಾಪ್‌ನೂ ಇಟ್ಟು ನೋಡ್ದೆ, ನಮ್ಮಜ್ಜಿನ ಕೇಳೋಣ ಅಂದ್ರೆ ಅವಳು ಹೋಗಿ ಒಂಬತ್ತು ವರ್ಷ ಆಯ್ತು. ನನ್ನ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇನ್ನೂ ಹಂಗೇ ಐತೆ, ಪಕ್ಕದಲ್ಲಿ ಏನೂ ಬರೆದಿಲ್ಲ.